‘ಅಂವ ಪರಂಪರೆ, ನಾನು ಪಿಡುಗು!’: ಸಿಂಧನೂರು ಡಿಜೆ ಜೊತೆ ಮಾತುಕತೆ

ಗಣಪತಿ ಹಬ್ಬದ ಶಾಂತಿ ಸಭೆ ಆಯಿತು. ಸಭೆಯಲ್ಲಿ ಚಹಾ, ಬಿಸ್ಕೀಟು ಆಯಿತು. ಡಿಜೆ ನಿಷೇಧ ಎಂದು ಈ ವರ್ಷವೂ ಹೇಳಿದ್ದಾಯಿತು. ಮುಂದೇನಾಯಿತೆಂದು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಿಟಕಿ ಗಾಜುಗಳನ್ನೇ ಕೇಳಬೇಕು. ಐದನೇ ದಿನದ ಗಣಪತಿ ಕಳಿಸಿ ಬಂದು, ಅಕ್ಕಿ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ಕೂತಿದ್ದ ಡಿಜೆಯನ್ನು ನಾವು ಹಿಡಿದೆವು. ಬೇಸು, ಟಾಪು, ಶಾರ್ಪಿ ಲೈಟು, ಜನರೇಟರು, ಎಲ್ಲ ಸೇರಿ ಒಂದು ಟ್ರಾಲಿ ತುಂಬುವ ಆಸಾಮಿ. ಬಹಳ ಹೊತ್ತು ‘ಹಲೋ ಚೆಕ್, ಚೆಕ್’ ಬಿಟ್ಟು ಬೇರೆ ಮಾತಿಲ್ಲ. ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು.

ನಾವು: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಂದ್. ಗೊತ್ತೇ?

ಡಿಜೆ: ಅದಿರ್ಲಿ ಸರ. ನಮ್ಮ ಮಾಲಕರ ಸಣ್ಣ ಮಗ ಜರ್ಮನಿಯೊಳಗ ಓದ್ತಾನ, ಅದು ಗೊತ್ತದ ಏನ್ರಿ ನಿಮಗ?

ನಾವು: ಗೊತ್ತು. ಗಾಂಧಿ ಸರ್ಕಲ್‌ನಲ್ಲಿ ಬ್ಯಾನರ್ ನೋಡಿದ್ದೇವೆ.

ಡಿಜೆ: ಬ್ಯಾನರಿನ್ಯಾಗ ಊರ ಮಂದಿ ಫೋಟೊ ಎಲ್ಲಾ ಇತ್ತು, ನಂದು ಇರಲಿಲ್ಲ. ಅವನನ್ನ ಕಳಸ್ದಾಂವ ಯಾರ್ರಿ? ವೀಸಾ ಬೇಕಂದ್ರ ಒಂದು ವರ್ಷದ ಖರ್ಚು ಬ್ಲಾಕ್ಡ್ ಅಕೌಂಟಿನ್ಯಾಗ ಮೊದಲ ಇಟ್ಟು ತೋರಸ್ಬೇಕು, 11,904 ಯೂರೊ. ಮಾಲಕರ ಗದ್ದಿ ಇರೋದು ಎಡದಂಡಿ ಕಾಲುವಿ ಕೊನಿ ಭಾಗದಾಗ. ಆ ನೀರು ನಂಬಿ ಯಾರರ ಜರ್ಮನಿಗೆ ಹೋಗ್ಯಾರೇನು? ಮದಿವಿ, ಜಾತ್ರಿ, ಜಯಂತಿ, ಗೆದ್ದ ಮೆಂಬರ್ ಮೆರವಣಿಗಿ, ಸೋತಾಂವಂದು ಸಮಾಧಾನ ಮೆರವಣಿಗಿ, ಎಲ್ಲಾದಕ್ಕೂ ಎದಿ ಬಡ್ಕೊಂಡು ದುಡದಾಂವ ನಾನು. ಈಗ ಅಂವ ಬರ್ಲಿನ್ನಿಗೆ ಹೋಗಿ ‘ರೇವ್ ದ ಪ್ಲಾನೆಟ್’ ಅನ್ನೋ ಟೆಕ್ನೊ ಮೆರವಣಿಗ್ಯಾಗ ಕುಣದು, ‘ಇಂಥಾ ದಿನ ಜೀವನದಾಗ ನೋಡಿಲ್ಲ’ ಅಂತ ಸ್ಟೇಟಸ್ ಇಟ್ಟಾನ. ಅದೇ ವಾರ ಅವ್ವಗ ಫೋನ್ ಮಾಡಿ, ‘ಆ ಡಿಜೆ ಮಾರಿಬಿಡ್ರಿ, ನಾಚಿಕಿ ಬರ್ತದ’ ಅಂದಾನ.

ನಾವು: ಆಸ್ಪತ್ರೆ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಬಾಣಂತಿಯರು, ಹಸುಗೂಸುಗಳು...

ಡಿಜೆ: ಆ ಬರ್ಲಿನ್ ಮೆರವಣಿಗಿ ವಿಡಿಯೊ ನೋಡೀನ್ರಿ. ಲಾರಿ, ಲಾರಿ ಮ್ಯಾಲ ಬಾಕ್ಸ್, ಹಿಂದ ಮುಂದ ಮಂದಿ. ನಮ್ಮ ಟ್ರಾಲಿಗೂ ಅದಕ್ಕೂ ಏನ್ ಫರಕು? ಗಣಪತಿ ಇಲ್ಲ, ಅಷ್ಟ. ಇದನ್ನ ಹಚ್ಚಿದಾಂವ ಡಾಕ್ಟರ್ ಮೊಟ್ಟೆ. ನಗಬ್ಯಾಡ್ರಿ, ಅಂವ ಇಟ್ಕೊಂಡ ಹೆಸರ ಹಂಗದ. ಇದಕ್ಕೂ ಹಿಂದ, 1989ರ ಜುಲೈದಾಗ, ಬರ್ಲಿನ್ ಗ್ವಾಡಿ ಬೀಳೂದಕ್ಕ ನಾಕು ತಿಂಗಳ ಮೊದಲ, ನೂರೈವತ್ತು ಮಂದಿ ಕಟ್ಕೊಂಡು ಲವ್ ಪರೇಡ್ ತೆಗದ. ಪ್ರತಿಭಟನೆ ಅಂತ ಬರಿಸಿದ್ದ! ಬೇಡಿಕಿ ಏನಂದ್ರ ಶಾಂತಿ, ಸಂತೋಷ, ತತ್ತಿ ದ್ವಾಸಿ. ಪ್ರತಿಭಟನೆ ಅಂದಮ್ಯಾಲ ಕಸ ಬಳಿಯೋ ಖರ್ಚು ಸರ್ಕಾರದ್ದು. ‘ಇದು ಪ್ರತಿಭಟನೆ ಅಲ್ಲಪ್ಪ, ಪಾರ್ಟಿ’ ಅಂತ ಅಲ್ಲಿ ಕೋರ್ಟಿಗೆ ತಿಳಿದದ್ದು 2001ರಾಗ. ನಮ್ಮ ಪಿಎಸ್‌ಐ ಸಾಹೇಬ್ರಿಗೆ ಮೊದಲ ಹಾಡಿಗೇ ತಿಳೀತದ. 2024ರ ಮಾರ್ಚದಾಗ ಬರ್ಲಿನ್ ಟೆಕ್ನೊ ಜರ್ಮನಿ ದೇಶದ ಅಮೂರ್ತ ಸಾಂಸ್ಕೃತಿಕ ಪರಂಪರೆ ಪಟ್ಟಿ ಸೇರ್ತು. ನಾನು ಎಲ್ಲಿ ಸೇರೀನಿ? ಠಾಣೆ ಕಂಪೌಂಡು. ಅಂವ ಪರಂಪರೆ, ನಾನು ಪಿಡುಗು!

ನಾವು: ಬರ್ಲಿನ್ ಬಿಡಿ. ನಿಮ್ಮ ವಿಷಯ ಎರಡು ಸಾವಿರ ವರ್ಷದ ಹಿಂದೆಯೇ ತೀರ್ಮಾನವಾಗಿದೆ. ಮಸ್ಕಿ ಶಾಸನ ಓದಿದ್ದೀರಾ?

ಡಿಜೆ: ಆ ಗುಡ್ಡದ ಬಾಜೂಕ ಹಾದೀನಿ.

ನಾವು: 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತ ಬಂದು ಈ ಬಂಡೆ ಕಂಡ. ಅಲ್ಲಿಯವರೆಗೆ ಆ ರಾಜನ ಶಾಸನಗಳಲ್ಲಿ ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ. ಅವುಗಳಲ್ಲಿ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ! ಪಾಟ್ನಾದಲ್ಲಲ್ಲ, ದೆಹಲಿಯಲ್ಲಲ್ಲ. ಅಂಥ ಊರಿಗೆ ಇವತ್ತು ಬರುವವರು...

ಡಿಜೆ: ಪ್ರಶ್ನೆ ಏನ್ರಿ ಸರ?

ನಾವು: ಬರುತ್ತಿದ್ದೇವೆ. ಅಶೋಕ ತನ್ನ ಒಂದನೇ ಬಂಡೆ ಶಾಸನದಲ್ಲಿ ‘ಸಮಾಜ’, ಅಂದರೆ ಜನ ಜಮಾಯಿಸುವ ಮೋಜಿನ ಕೂಟ, ನಡೆಸಬಾರದು, ಅದರಲ್ಲಿ ಬಹಳ ದೋಷ ಇದೆ ಎಂದಿದ್ದಾನೆ. ನಾಲ್ಕನೆಯದರಲ್ಲಿ ಭೇರಿಯ ಘೋಷ ಧರ್ಮದ ಘೋಷವಾಯಿತು ಎನ್ನುತ್ತಾನೆ. ಇದಕ್ಕೆ ನಿಮ್ಮ ಉತ್ತರ?

ಡಿಜೆ: ಇವು ಮಸ್ಕಿ ಬಂಡಿ ಮ್ಯಾಲ ಅದಾವೇನ್ರಿ?

ನಾವು: ಅಲ್ಲಿಲ್ಲ. ಗಿರ್ನಾರ್‌ನಲ್ಲಿವೆ, ಎರ್ರಗುಡಿಯಲ್ಲಿವೆ. ರಾಜ ಒಬ್ಬನೇ ತಾನೆ?

ಡಿಜೆ: ಒಂದನೇದ್ದು ಪೂರ್ತಿ ಓದ್ರಿ ಮತ್ತ. ಕೆಲವು ಸಮಾಜ ಚಲೋ ಅದಾವು ಅಂತ ಅವನ ಅಂದಾನ. ಶಾಂತಿ ಸಭಿ ಆದೇಶನೂ ಹಿಂಗ ಇರ್ತದ: ನಿಷೇಧ ಅಂತೂ ನಿಷೇಧ, ಬೇಕಾದವ್ರಿಗೆ ಪರ್ಮಿಷನ್. ಇನ್ನ ಭೇರಿ ಅಂದ್ರ ನಮ್ಮ ಮುತ್ಯಾ. ಅಶೋಕ ಹೆಸರು ಕಲ್ಲಿಗೆ ಕೆತ್ತಿಸ್ಯಾನ, ನಾನು ಎಲ್‌ಇಡಿಯೊಳಗ ಹಾಕ್ಸೀನಿ. ನಿಮಗ ನನ್ನದಷ್ಟೇ ಕಣ್ಣಿಗೆ ಚುಚ್ಚತದ.

(ಎಲ್‌ಇಡಿ ನಿಜಕ್ಕೂ ಕಣ್ಣಿಗೆ ಚುಚ್ಚುತ್ತಿತ್ತು.)

ನಾವು: ಜರ್ಮನಿಯಲ್ಲಿ ಅಳತೆ ಅಂತ ಒಂದಿದೆ. ಅರ್ಧ ಗಂಟೆಯ ಸರಾಸರಿ 99 ಡೆಸಿಬಲ್ ದಾಟಬಾರದು. ನಮ್ಮಲ್ಲಿ ಅಳೆಯುವವರೂ ಇಲ್ಲ, ಅಳೆದರೆ ಹೇಳುವವರೂ ಇಲ್ಲ. ಜನರ ಕಿವಿ...

ಡಿಜೆ: ಕಿವಿ! ಚಲೋ ನೆನಪು ಮಾಡಿದ್ರಿ. ಮಾಲಕರ ಮಗ ಅಲ್ಲಿ ಕಿವ್ಯಾಗ ಪ್ಲಗ್ ಇಟ್ಕೊಂಡು ಕುಣದಾನ್ರಿ! ಸಣ್ಣಾಂವಿದ್ದಾಗ ನನ್ನ ಬೇಸಿನ ಮ್ಯಾಲ ತಲಿ ಇಟ್ಟು ಮಲಗಿದ ಕೂಸು ಅದು. ಆಗ ಯಾರೂ ಪ್ಲಗ್ ಕೊಡಲಿಲ್ಲ.

ನಾವು: ನಾವು ಕೇಳಿದ್ದೂ ಅದನ್ನೇ.

ಡಿಜೆ: ಮುಂದ ಕೇಳ್ರಿ.

ನಾವು: ಮಸೀದಿ ಮುಂದೆ ಬಂದಾಗ ಮಾತ್ರ ನಿಮ್ಮ ದನಿ ಯಾಕೆ ಏರುತ್ತದೆ?

ಶೆಡ್ಡಿನಲ್ಲಿ ಜನರೇಟರ್ ಕೂಡ ಬಂದಾಗಿತ್ತು.

ಡಿಜೆ: ಏರೂದಿಲ್ಲ. ಏರಸ್ತಾರ. ಮಸೂತಿ ಬಂತಂದ್ರ ಟ್ರ್ಯಾಕ್ಟರ್ ನಿಲ್ಸು ಅಂತಾರ. ನನ್ನ ಆಪರೇಟರ್ ಇನ್ನೂ ಮೀಸಿ ಬರದ ಹುಡುಗ. ಅವನ ಕೈ ಮ್ಯಾಲ ಇನ್ನೊಂದು ಕೈ ಬರ್ತದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಕೈ. ಹಾಡು ಯಾವುದು ಅಂತ ಆ ಕೈ ಹೇಳತದ, ಎಷ್ಟು ಅಂತ ಆ ಕೈ ಹೇಳತದ. ಲಿಂಗಸುಗೂರು ತಾಲೂಕಿನ ಮುದಗಲ್ಲಿಗೆ ಮೊಹರಂ ನೋಡಾಕ ಹೋಗೀರೇನು? ಅಲಾಯಿ ಕುಣಿಯೋರು ಯಾರು, ಹಲಗಿ ಬಡಿಯೋರು ಯಾರು, ಸಕ್ಕರಿ ಓದಸೋರು ಯಾರು ಅಂತ ಅಲ್ಲಿ ಯಾರೂ ಕೇಳೂದಿಲ್ಲ. ಆ ಮಂದಿ ಮಕ್ಕಳನ್ನೇ ತಂದು ನನ್ನ ಮುಂದ ನಿಲ್ಲಸ್ತೀರಿ. ಒಂದು ಕಲ್ಲು ಬಿದ್ರ ಸಾಕು, ಬಿಳಿ ಅಂಗಿ ಕಾರ್ ಹತ್ತತದ. ಎಫ್‌ಐಆರ್ ಕುಣಿಯೋ ಹುಡುಗ್ರ ಮ್ಯಾಲ, ಆ ಕಡಿ ಹುಡುಗ್ರ ಮ್ಯಾಲ. ಯಾವ ಹುಡುಗ್ರು? ಸುಗ್ಗಿ ಮುಗದ ಮ್ಯಾಲ ಬೆಂಗಳೂರಿಗೆ ಗುಳೆ ಹೋಗೋ ಹುಡುಗ್ರು. ಸೆಕ್ಯುರಿಟಿ ನೌಕರಿಗೆ ಹೋದ್ರೂ ಪೊಲೀಸ್ ವೆರಿಫಿಕೇಶನ್ ಕೇಳ್ತಾರ. ಪಾಸ್‌ಪೋರ್ಟಂತೂ ದೂರದ ಮಾತು. ಮಾಲಕರ ಮಗಗ ಪಾಸ್‌ಪೋರ್ಟ್ ಹೆಂಗ ಬಂತು? ಪ್ರತಿ ವರ್ಷ ಮೆರವಣಿಗಿ ದಿನ ಅವನನ್ನ ಒಳಗ ಹಾಕಿ ಚಿಲಕಾ ಹಾಕ್ತಿದ್ರು, ಅದಕ್ಕ ಬಂತು. ಬಿಳಿ ಅಂಗಿಯವರ ಮಕ್ಕಳೂ ಅವತ್ತು ಒಬ್ಬರೂ ಬೀದಿಗೆ ಬಂದಿರಲಿಲ್ಲ. ಮಂದಿ ಮಕ್ಕಳಿಗೆ ಕುಣಿಯಾಕ ಒಂದು ಮೈದಾನ ಕೊಡ್ರಿ ಅಂದ್ರ ಇಲ್ಲ, ಮಸೂತಿ ಮುಂದಿನ ರಸ್ತಾ ಮಾತ್ರ ಕೊಡ್ತೀರಿ.

ನಾವು: ಅಶೋಕನ ಹನ್ನೆರಡನೇ ಶಾಸನದಲ್ಲಿ ಇದೇ ಇದೆ. ತನ್ನ ಮತವನ್ನು ಹೊಗಳಲು ಇನ್ನೊಬ್ಬರ ಮತವನ್ನು ಹಳಿಯಬೇಡ, ನಾಲಿಗೆ ಹಿಡಿತದಲ್ಲಿರಲಿ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿರುವ ಕಲ್ಲಿನ ಮೇಲೆ...

ಡಿಜೆ: ಸನ್ನತಿ ದೂರ ಆತ್ರಿ ಸರ. ಮಸ್ಕಿ ಮಾತಾಡ್ರಿ, ನಾಳೆ ಅಲ್ಲಿ ಬುಕಿಂಗ್ ಅದ. ಅಂವಗ ಮುಂದಿನ ಸೆಮಿಸ್ಟರಿಗೆ ರೊಕ್ಕ ಬೇಕಂತ, ರಾತ್ರಿ ಫೋನ್ ಬಂದಿತ್ತು.

ನಾವು: ನಿಮ್ಮನ್ನು ಮಾರಿ ಎಂದವನು?

ಡಿಜೆ: ಹಬ್ಬ ಮುಗದ ಮ್ಯಾಲ ಮಾರ್ರಿ ಅಂದಾನ.

ನಾವು: ನಾಳೆಯಾದರೂ ಹತ್ತಕ್ಕೆ ಮುಗಿಸುತ್ತೀರಾ?

ಡಿಜೆ: ಹತ್ತಕ್ಕ ಗಣಪತಿ ಟ್ರ್ಯಾಕ್ಟರ್ ಹತ್ತತಾನ್ರಿ!