ಉಪ್ಪಿಟ್ಟಾದರೆ ತಿಂತೀರಾ?

ನಮ್ಮಲ್ಲಿ ಯಾವ ಭಾವನೆಗೂ ತಿಂಡಿಯಿಲ್ಲದೆ ಬಿಡುಗಡೆಯಿಲ್ಲ. ಮಗು ಹುಟ್ಟಿದರೆ ಪೇಡೆ. ಹೆಣ್ಣು ನೋಡಲು ಬಂದರೆ ಕೇಸರಿಬಾತು, ಉಪ್ಪಿಟ್ಟು. ಸೈಟು ರಿಜಿಸ್ಟ್ರೇಷನ್ ಆದರೆ ಮೈಸೂರು ಪಾಕು. ಹಿರಿಯರು ತೀರಿಕೊಂಡ ಮನೆಯಲ್ಲೂ ಹದಿಮೂರನೆಯ ದಿನ ವೈಕುಂಠ ಸಮಾರಾಧನೆಯ ಎಲೆ ಹಾಕುತ್ತಾರೆ. "ಅವರಿಗೆ ಆಂಬೊಡೆ ಅಂದ್ರೆ ಪ್ರಾಣ" ಎಂದು ಯಾರೋ ಕಣ್ಣೊರೆಸಿಕೊಳ್ಳುತ್ತಾರೆ, ಹೋದವರ ನೆನಪಿಗೆಂದು ಇದ್ದವರೆಲ್ಲ ಎರಡೆರಡು ಹೆಚ್ಚು ಹಾಕಿಸಿಕೊಳ್ಳುತ್ತಾರೆ. ಬಿದ್ದು ಮಂಡಿ ತರಚಿಕೊಂಡು ಅತ್ತ ಮಗುವಿಗೆ ನಮ್ಮ ತಾಯಂದಿರು ಮೊದಲು ಹಾಕುತ್ತಿದ್ದದ್ದು ಔಷಧಿಯನ್ನಲ್ಲ, ಬಾಯಿಗೆ ಒಂದು ಚೂರು ಬೆಲ್ಲವನ್ನು. ಅಳು ನಿಲ್ಲುತ್ತಿತ್ತು. ಅವತ್ತು ಕಲಿತ ಪಾಠವನ್ನು ಐವತ್ತೈದನೆಯ ವಯಸ್ಸಿನಲ್ಲಿ ಮರೆಯಿರಿ ಎಂದು ಡಾಕ್ಟರು ಹೇಳಿದರೆ ಹೇಗೆ ಮರೆಯುವುದು?

ನಾನು ಗಮನಿಸಿದ ಮಟ್ಟಿಗೆ ಒಂದೊಂದು ಬೇಸರಕ್ಕೂ ಅದರದೇ ಆದ ತಿಂಡಿಯಿದೆ. ಕೋಪ ಬಂದಾಗ ಯಾರೂ ಮೊಸರನ್ನ ಕಲಸಿಕೊಳ್ಳುವುದಿಲ್ಲ. ಕೋಪಕ್ಕೆ ಹಲ್ಲಿನಡಿ ಕಟಕಟ ಎನ್ನುವಂಥದ್ದು ಬೇಕು: ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ. ಅತ್ತೆಗೆ ಹೇಳಲಾಗದ ಮಾತುಗಳನ್ನೆಲ್ಲ ಎಷ್ಟು ಸೊಸೆಯಂದಿರು ನಿಪ್ಪಟ್ಟಿನ ಜೊತೆ ಅಗಿದು ನುಂಗಿದ್ದಾರೋ ಲೆಕ್ಕವಿಲ್ಲ. ದುಃಖಕ್ಕೆ ಮೆತ್ತಗಿನದು, ಅಗಿಯುವ ಕಷ್ಟವಿಲ್ಲದ್ದು ಬೇಕು. ಪಾಯಸ, ಹಾಲಿನಲ್ಲಿ ನೆನೆದ ಹೋಳಿಗೆ. ಹೊತ್ತು ಹೋಗದಿದ್ದಾಗ ಒಂದೊಂದಾಗಿ ಬಾಯಿಗೆ ಎಸೆದುಕೊಳ್ಳುವ ಕಾಂಗ್ರೆಸ್ ಕಡಲೆಕಾಯಿ. ಇನ್ನು ಮಕ್ಕಳು ದೂರ ಹೋದ ಮನೆಗಳಲ್ಲಿ, ಮಕ್ಕಳಿಗೆ ಇಷ್ಟವೆಂದು ಮಾಡಿಟ್ಟದ್ದನ್ನೇ ತಾಯಿ ತಂದೆ ತಿಂದು ಮುಗಿಸುತ್ತಾರೆ.

ಇದರ ವಿಜ್ಞಾನವನ್ನೂ ಒಂದಿಷ್ಟು ಓದಿದ್ದೇನೆ, ಓದುವಾಗ ಏನನ್ನಾದರೂ ಮೆಲ್ಲುತ್ತಲೇ. ಹೊಟ್ಟೆ ಖಾಲಿಯಾದಾಗ ಗ್ರೆಲಿನ್ ಎಂಬ ಹಾರ್ಮೋನು ಜಠರದಿಂದ ಹೊರಟು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ಸಾಕು ಎಂದು ಹೇಳುವ ಲೆಪ್ಟಿನ್ ಅದಕ್ಕೂ ಐದು ವರ್ಷ ಮೊದಲು, 1994ರಲ್ಲಿ, ನ್ಯೂಯಾರ್ಕಿನಲ್ಲಿ ಸಿಕ್ಕಿತ್ತು. ಇವೆರಡೇ ಆಗಿದ್ದರೆ ನಾವೆಲ್ಲ ತೆಳ್ಳಗೆ ಬೆಳ್ಳಗೆ ಇರುತ್ತಿದ್ದೆವು. ಮಧ್ಯೆ ಚಿಂತೆ ಬಂದು ಕೂರುತ್ತದೆ. ಚಿಂತೆ ಬಹುದಿನ ಬೀಡುಬಿಟ್ಟರೆ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ, ಅದು ಏರಿದವರಲ್ಲಿ ಹಲವರಿಗೆ ಸಿಹಿಯ ಮೇಲೆ, ಕರಿದದ್ದರ ಮೇಲೆ ಮನಸ್ಸು ಓಡುತ್ತದೆ. ತಿಂದಾಗ ಒಂದಷ್ಟು ಹೊತ್ತು ನಿಜವಾಗಿಯೂ ಹಾಯೆನಿಸುತ್ತದೆ ಎನ್ನುವುದೇ ಇದರ ತೊಡಕು. ಹಾಯೆನಿಸದಿದ್ದರೆ ಯಾರು ತಿನ್ನುತ್ತಿದ್ದರು?

ಹೊಟ್ಟೆಯ ಹಸಿವನ್ನೂ ಮನಸ್ಸಿನ ಹಸಿವನ್ನೂ ಬೇರೆಮಾಡಿ ನೋಡಲು ನಮ್ಮ ಬೀದಿಯಲ್ಲಿ ಚಾಲ್ತಿಯಲ್ಲಿರುವುದು ಉಪ್ಪಿಟ್ಟಿನ ಪರೀಕ್ಷೆ. ಹೊಟ್ಟೆಯ ಹಸಿವು ನಿಧಾನವಾಗಿ ಏರುತ್ತದೆ, ಏನು ಕೊಟ್ಟರೂ ಸೈ ಎನ್ನುತ್ತದೆ. ಮನಸ್ಸಿನ ಹಸಿವು ಧುತ್ತೆಂದು ಬರುತ್ತದೆ, ಬರುವಾಗಲೇ ಹೆಸರು ಹಿಡಿದು ಕೇಳುತ್ತದೆ. ರಾತ್ರಿ ಹತ್ತೂವರೆಗೆ ಡಬ್ಬಿಯ ಮುಂದೆ ನಿಂತಾಗ "ತರಕಾರಿ ಹಾಕಿದ ಉಪ್ಪಿಟ್ಟು ಕೊಟ್ರೆ ತಿಂತೀರಾ?" ಎಂದು ಕೇಳಿಕೊಳ್ಳಬೇಕು. ತಿಂತೀನಿ ಎಂದರೆ ಅದು ಹಸಿವು, ಹೋಗಿ ತಿನ್ನಿ. ಛೀ ಎಂದರೆ ಬೇರೆ ಏನೋ ಇದೆ. ಕನ್ನಡಿಗರು ತಲೆಮಾರುಗಳಿಂದ ಬೈದು, ಕಾಂಕ್ರೀಟು ಎಂದು ಹಂಗಿಸಿದ ಈ ತಿಂಡಿಗೆ ಕೊನೆಗೂ ಒಂದು ಘನವಾದ ಉದ್ಯೋಗ ಸಿಕ್ಕಿದೆ.

ಹಸಿವು ಯಾವುದೆಂದು ಗೊತ್ತಾದರೂ, ತೂಕ ಇಳಿಸಲು ಒಬ್ಬರೇ ಪಥ್ಯ ಮಾಡುವವರ ಕಥೆ ಎಲ್ಲರಿಗೂ ಗೊತ್ತಿರುವುದೇ. ಸೋಮವಾರ ಜೀರಿಗೆ ನೀರು, ಮಂಗಳವಾರ ಸೌತೆಕಾಯಿ, ಬುಧವಾರ ಯಾರದೋ ನಾಮಕರಣ. ನಮ್ಮ ಸಂಪ್ರದಾಯದ ಉಪವಾಸವಾದರೂ ಕೈಹಿಡಿದೀತೆಂದರೆ ಅದರ ಗತಿಯೇ ಬೇರೆ. ಶನಿವಾರದ ಒಪ್ಪತ್ತಿನ ರಾತ್ರಿ ಅನ್ನ ಮಾತ್ರ ನಿಷಿದ್ಧ. ಆದ್ದರಿಂದ ದೋಸೆ, ಅದಕ್ಕೆ ಪಲ್ಯ, ಗೊಜ್ಜವಲಕ್ಕಿ, ಸಬ್ಬಕ್ಕಿ ಪಾಯಸ, ಮಲಗುವಾಗ ಬಾಳೆಹಣ್ಣು, ಹಾಲು. ಉಳಿದ ಆರು ದಿನ ಬರೀ ಸಾರನ್ನ ಉಂಡು ಶನಿವಾರಕ್ಕೆ ಕಾಯುತ್ತಿದ್ದ ನನ್ನ ಸೋದರಮಾವನ ದೈವಭಕ್ತಿಯನ್ನು ಯಾರೂ ಶಂಕಿಸಲಿಲ್ಲ.

ಹಾಗಾಗಿ ನಾವು ನಾಲ್ವರು ಕೂಡಿಕೊಂಡೆವು. ನಿವೃತ್ತರಾದ ಟೀಚರಮ್ಮ, ಮೂಲೆ ಮನೆಯ ಡಾಕ್ಟರಮ್ಮ (ಇವರು ಡಾಕ್ಟರರ ಹೆಂಡತಿ, ಆದರೂ ಔಷಧಿ ಬರೆದುಕೊಡುವುದಕ್ಕೆ ಹಿಂದೆಮುಂದೆ ನೋಡುವವರಲ್ಲ), ಮ್ಯಾನೇಜರಾಗಿ ರಿಟೈರಾದ ಬ್ಯಾಂಕಿನವರು, ಮತ್ತೆ ನಾನು. ಮೊದಲು ನಡಿಗೆ ಶುರುಮಾಡಿದೆವು. ಮೈಸೂರಿನ ಸರಸ್ವತಿಪುರಂನವರಾದ ನಮಗೆ ಕುಕ್ಕರಹಳ್ಳಿ ಕೆರೆ ಹಿತ್ತಿಲಿದ್ದಂತೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಕೆರೆ. ಅವರು ನಡೆದರು, ಕಾವ್ಯ ಹುಟ್ಟಿತು. ನಾವು ನಡೆದೆವು, ಹಸಿವು ಹುಟ್ಟಿತು. ಸುತ್ತು ಮುಗಿಸಿ ಗೇಟಿನಿಂದ ಹೊರಬರುವಾಗ ಬೆಣ್ಣೆ ಕಾಯುವ ವಾಸನೆ ಎಲ್ಲಿಂದಲೋ ಬರುತ್ತಿತ್ತು, ಅಥವಾ ಬಂದಂತೆ ಬ್ಯಾಂಕಿನವರಿಗೆ ಅನ್ನಿಸುತ್ತಿತ್ತು. ಅವರೇ ಒಂದು ದಿನ ದೋಸೆಯ ಬಿಲ್ಲಿನ ಹಿಂದೆ ಲೆಕ್ಕ ಹಾಕಿದರು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ. ನಮ್ಮ ನಡಿಗೆಯಲ್ಲಿ ಒಂದು ಸುತ್ತಿಗೆ ಕರಗುವುದು ಇನ್ನೂರೈವತ್ತೋ ಮುನ್ನೂರೋ. ಬೆಣ್ಣೆ ಹಾಕಿದ ಮಸಾಲೆ ದೋಸೆ ಅಷ್ಟನ್ನೂ ವಾಪಸು ಕೊಟ್ಟು, ಮೇಲೆ ಬಡ್ಡಿಯನ್ನೂ ಸೇರಿಸುತ್ತದೆ. ಬಿಲ್ಲನ್ನು ಮಡಿಚಿ ಜೇಬಿಗಿಟ್ಟುಕೊಂಡು, "ಇದು ಓವರ್‌ಡ್ರಾಫ್ಟು" ಎಂದರು. ಅಂದಿನಿಂದ ಕೆರೆಯ ಬೇರೆ ಗೇಟಿನಲ್ಲಿ ಹೊರಬರುತ್ತಿದ್ದೇವೆ.

ಜೊತೆಗೂಡಿ ತೂಕ ಇಳಿಸುವುದಕ್ಕೆ ದಾರಿ ತೋರಿಸಿದವರಲ್ಲಿ ನನಗೆ ತುಂಬ ಹಿಡಿಸಿದವಳು ಜೀನ್ ನೀಡೆಚ್. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಗೃಹಿಣಿ, ಗಂಡ ಬಸ್ ಡ್ರೈವರು, ತೂಕ 214 ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ 97 ಕಿಲೋ. 1961ರಲ್ಲಿ ಅಂಗಡಿಯಲ್ಲಿ ಸಿಕ್ಕ ಪರಿಚಯದವಳೊಬ್ಬಳು ಇವಳನ್ನು ನೋಡಿ "ಹೆರಿಗೆ ಯಾವಾಗ?" ಎಂದು ಕೇಳಿಬಿಟ್ಟಳಂತೆ. ಜೀನ್ ನಗರಸಭೆಯ ಆರೋಗ್ಯ ಇಲಾಖೆ ನಡೆಸುತ್ತಿದ್ದ ಕೇಂದ್ರಕ್ಕೆ ಹೋಗಿ ಪಥ್ಯದ ಚೀಟಿ ತಂದಳು. ಚೀಟಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವಳ ಬಚ್ಚಲುಮನೆಯ ಕೊಳೆಬಟ್ಟೆ ಬುಟ್ಟಿಯಲ್ಲಿ ಚಾಕೊಲೇಟ್ ಬಿಸ್ಕತ್ತಿನ ಪೊಟ್ಟಣಗಳಿದ್ದವು, ಅದನ್ನು ಅಲ್ಲಿ ಹೇಳಲು ಬಾಯಿ ಬರಲಿಲ್ಲ. ಮನೆಗೆ ಆರು ಜನ ಗೆಳತಿಯರನ್ನು ಕರೆದು ಅವರ ಮುಂದೆ ಹೇಳಿದಳು. ಹೇಳುತ್ತಲೇ ಅವರೂ ತಂತಮ್ಮ ಅಡಗುತಾಣಗಳ ಬಗ್ಗೆ ಬಾಯಿಬಿಟ್ಟರು. ಆ ಬೈಠಕ್ಕೇ 1963ರಲ್ಲಿ ವೆಯ್ಟ್ ವಾಚರ್ಸ್ ಎಂಬ ಕಂಪನಿಯಾಯಿತು, 1978ರಲ್ಲಿ ಅದನ್ನು ಕೊಂಡುಕೊಂಡದ್ದು ಕೆಚಪ್ ಮಾರುವ ಹೈನ್ಜ್. ಕಂಪನಿ, ಕೆಚಪ್ ಎಲ್ಲ ಹಾಗಿರಲಿ. ಆ ಬುಟ್ಟಿಯ ಬಿಸ್ಕತ್ತು ಇದೆಯಲ್ಲ, ಅದು ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಡಾಕ್ಟರಮ್ಮನ ಗೋಡಂಬಿ ಬರ್ಫಿ ಅವರ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿರುತ್ತಿತ್ತು. ಡಾಕ್ಟರಿಗೆ ಸಕ್ಕರೆ ಕಾಯಿಲೆ. ಅವರ ಕಣ್ಣಿಗೆ ಬೀಳಬಾರದೆಂದು ಬಚ್ಚಿಟ್ಟಿದ್ದೆ ಎನ್ನುವುದು ಇವರ ಸಮಜಾಯಿಷಿ.

ನಮ್ಮಲ್ಲಿ ಬೈಠಕ್ಕೂ ಇಲ್ಲ, ಚಂದಾವೂ ಇಲ್ಲ. ಒಂದೇ ಕಟ್ಟಳೆ. ರಾತ್ರಿ ಊಟವಾದ ಮೇಲೆ ಡಬ್ಬಿಗೆ ಕೈಹಾಕುವ ಮೊದಲು ನಾಲ್ವರಲ್ಲಿ ಒಬ್ಬರಿಗೆ ಫೋನ್ ಮಾಡಬೇಕು. ಎತ್ತಿಕೊಂಡವರು "ತಿನ್ನಬೇಡಿ" ಎನ್ನುವ ಹಾಗಿಲ್ಲ. ಈ ಮಾತನ್ನು ಮನೆಯವರು ಬೇಕಾದಷ್ಟು ಸಲ ಹೇಳಿರುತ್ತಾರೆ, ಹೇಳಿದ ದಿನವೇ ಎರಡು ಹೆಚ್ಚು ಹೊಟ್ಟೆಗೆ ಹೋಗಿರುತ್ತವೆ. ಎತ್ತಿಕೊಂಡವರು "ಏನಾಯ್ತು?" ಎಂದಷ್ಟೇ ಕೇಳಬೇಕು.

ದಸರಾ ಹತ್ತಿರ ಬರುತ್ತಿದ್ದಾಗ ಒಂದು ರಾತ್ರಿ ಟೀಚರಮ್ಮನ ಫೋನು.

"ರೀ, ಮಲಗಿದ್ರಾ? ಡಬ್ಬಿ ಹತ್ರ ನಿಂತಿದೀನಿ."

"ಏನಾಯ್ತು ಟೀಚರೇ?"

"ಏನೂ ಇಲ್ಲ. ರವೆ ಉಂಡೆ ಮಾಡಿದ್ದೆ. ಚೆನ್ನಾಗಿ ಬಂದಿದೆ."

ನಾನು ಸುಮ್ಮನಿದ್ದೆ. ಆ ಕಡೆ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಉಗುರಿನಿಂದ ಟಕ್ ಟಕ್ ಎನಿಸುವುದು ಕೇಳುತ್ತಿತ್ತು.

"ಅವನು ಈ ಸಲಾನೂ ಬರಲ್ವಂತೆ ಕಣ್ರೀ. ರಜಾ ಕೊಡಲಿಲ್ವಂತೆ. ಅವನಿಗೇಂತಲೇ ದ್ರಾಕ್ಷಿ ಹಾಕ್ದೇ ಮಾಡಿದ್ದೆ. ಚಿಕ್ಕೋನಿದ್ದಾಗಿಂದ ದ್ರಾಕ್ಷಿ ಕಂಡ್ರೆ ಆಗಲ್ಲ ಅವನಿಗೆ, ಆರಿಸಿ ಆರಿಸಿ ತಟ್ಟೆ ಅಂಚಿಗೆ ಇಡೋನು."

ಆಮೇಲೆ ಮಾತು ಮಗನಿಂದ ಗೊಂಬೆಗೆ ಹೋಯಿತು. ಈ ಸಲ ಪಟ್ಟದ ಗೊಂಬೆಗೆ ಹೊಸ ಸೀರೆ ಉಡಿಸುವುದೋ ಬೇಡವೋ, ಮಕ್ಕಳಿಲ್ಲದ ಮನೆಯಲ್ಲಿ ಒಂಬತ್ತು ಮೆಟ್ಟಿಲು ಯಾಕೆ, ಐದು ಸಾಲದೇ, ಬೀದಿಯ ಮಕ್ಕಳಿಗೆ ಬೊಂಬೆ ಬಾಗಿನಕ್ಕೆ ಏನು ಕೊಡುವುದು, ಹೀಗೆ. ಕೊನೆಗೆ "ನಿದ್ದೆ ಬರ್ತಿದೆ, ಇಡ್ತೀನಿ" ಎಂದರು. ಉಂಡೆ ತಿಂದರೋ ಇಲ್ಲವೋ ನಾನು ಕೇಳಲಿಲ್ಲ. ಮಾರನೆಯ ದಿನ ಅವರೇ ಹೇಳಿದರು: ಒಂದು ತಿಂದರಂತೆ, ಕೂತುಕೊಂಡು, ತಟ್ಟೆಯಲ್ಲಿಟ್ಟುಕೊಂಡು. ಹಿಂದೆಲ್ಲ ಕತ್ತಲಲ್ಲಿ ನಿಂತೇ ಮುಗಿಸುತ್ತಿದ್ದ ಡಬ್ಬಿ ಅದು.

ಉಳಿದ ಉಂಡೆಗಳನ್ನು ಏನು ಮಾಡುವುದು? ಅವರು ನಮಗೆ ಹಂಚಿದರು, ನಾವು ನಮ್ಮ ಪಾಲನ್ನು ಬೀದಿ ಕೊನೆಯ ಇಸ್ತ್ರಿಯವನಿಗೆ ಕೊಟ್ಟೆವು. ಡಾಕ್ಟರಮ್ಮನ ಬರ್ಫಿಯೂ ಅವನಿಗೇ ಹೋಯಿತು, ಬ್ಯಾಂಕಿನವರ ಕಡಲೆಕಾಯಿಯೂ ಅವನಿಗೇ. ಕಡ್ಡಿಯಂತಿದ್ದ ಮನುಷ್ಯ ಈಗ ಗುಂಡಗಾಗಿದ್ದಾನೆ. ಒಟ್ಟಾರೆ ನಮ್ಮ ಬೀದಿಯ ತೂಕದಲ್ಲಿ ವ್ಯತ್ಯಾಸವಿಲ್ಲ, ಖಾತೆ ಮಾತ್ರ ಬದಲಾಗಿದೆ ಎಂದು ಬ್ಯಾಂಕಿನವರು ಹೇಳುತ್ತಾರೆ.

ಇಷ್ಟೆಲ್ಲ ಗೆದ್ದವರೂ ಸೋಲುವ ಜಾಗವೆಂದರೆ ಮದುವೆಮನೆ. ಬಾಗಿಲಲ್ಲೇ ಯಾರಾದರೂ "ಸ್ವಲ್ಪ ದಪ್ಪ ಆದಹಾಗಿದೆಯಲ್ಲ?" ಎಂದು ಬರಮಾಡಿಕೊಳ್ಳುತ್ತಾರೆ. ಅದೇ ಮನುಷ್ಯರು ಊಟದ ಪಂಕ್ತಿಯಲ್ಲಿ ಬಂದು ನಿಂತು, "ಏನೂ ತಿಂತಾನೇ ಇಲ್ಲ ನೀವು! ಅಪ್ಪಾ, ಇವರಿಗೆ ಇನ್ನೊಂದು ಹೋಳಿಗೆ ಹಾಕಪ್ಪಾ" ಎನ್ನುತ್ತಾರೆ. ಮೊದಲ ಮಾತಿನ ಉರಿಗೆ ಎರಡನೆಯ ಮಾತು ತುಪ್ಪ ಹಾಕುತ್ತದೆ, ಅಕ್ಷರಶಃ. ನಾವು ಈಗ ಪಂಕ್ತಿಯಲ್ಲಿ ಅಕ್ಕಪಕ್ಕ ಕೂರುತ್ತೇವೆ. ನಮ್ಮ ಎಲೆಗೆ ನಾವೇ ಕೈ ಅಡ್ಡ ಹಿಡಿದರೆ ಬಡಿಸುವವರು ಅದನ್ನು ಸಂಕೋಚವೆಂದು ತಿಳಿದು ಬೆರಳ ಸಂದಿಯಿಂದಲೇ ಹಾಕಿಬಿಡುತ್ತಾರೆ. ಪಕ್ಕದವರು ನಮ್ಮ ಎಲೆಗೆ ಕೈ ಅಡ್ಡ ಹಿಡಿದರೆ ಗಲಿಬಿಲಿಯಾಗಿ ಮುಂದಕ್ಕೆ ಹೋಗುತ್ತಾರೆ. ಪರಸ್ಪರ ಸಹಕಾರವೆಂದರೆ ನಾನು ಕಂಡಂತೆ ಇದೇ, ಒಬ್ಬರ ಎಲೆಗೆ ಇನ್ನೊಬ್ಬರ ಕೈ. ಮೊದಲನೆಯ ಹೋಳಿಗೆಗೆ ಮಾತ್ರ ಯಾರೂ ಯಾರಿಗೂ ಅಡ್ಡ ಬರುವುದಿಲ್ಲ. ಅದು ತಿನ್ನಲಿಕ್ಕೇ ಇರುವುದು.

ತೂಕ ಎಷ್ಟಿಳಿಯಿತು ಎಂದು ಕೇಳುವಿರಿ. ನಮ್ಮ ಗುಂಪಿನಲ್ಲಿ ತೂಕದ ಯಂತ್ರವಿಲ್ಲ. ಟೀಚರಮ್ಮ ಸೊಂಟಕ್ಕೆ ಟೇಪು ಸುತ್ತುತ್ತಾರೆ, ಅಷ್ಟೇ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರು, ಗಂಡಸರಿಗೆ 90 ದಾಟಿದರೆ ಹುಷಾರಾಗಿರಬೇಕು ಎನ್ನುವುದು ಡಾಕ್ಟರುಗಳ ಲೆಕ್ಕ. ಹೊಟ್ಟೆಯ ಸುತ್ತ ಕೂತ ಕೊಬ್ಬೇ ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ದಾರಿಯಂತೆ. ಆ ಗೆರೆಯ ಈಚೆಗೆ ನಾವಿನ್ನೂ ಯಾರೂ ಬಂದಿಲ್ಲ. ಬಂದ ಸುದ್ದಿಯೊಂದು ಟೈಲರ್ ಅಂಗಡಿಯಿಂದ. ನನ್ನ ರವಿಕೆ ಹೊಲಿಯುವಾತ ಪ್ರತಿಸಲವೂ, "ಒಳಗೆ ಬಟ್ಟೆ ಬಿಟ್ಟಿದೀನಿ ಮೇಡಂ, ಆಮೇಲೆ ಬಿಚ್ಚಿಸ್ಕೋಬಹುದು" ಎನ್ನುವವನು, ಈ ಯುಗಾದಿಗೆ ಹಳೆಯ ರವಿಕೆ ಕೈಯಲ್ಲಿ ಹಿಡಿದು "ಇದಕ್ಕೆ ಒಂದು ಹೊಲಿಗೆ ಒಳಗೆ ಹಾಕಬೇಕಲ್ಲ" ಎಂದ. ಇಪ್ಪತ್ತು ವರ್ಷದಿಂದ ಬಲ್ಲ ಟೈಲರು, ಮುಖಸ್ತುತಿ ಮಾಡುವ ಜಾತಿಯಲ್ಲ. ಮೂವರಿಗೂ ಅಂಗಡಿಯಿಂದಲೇ ಫೋನ್ ಮಾಡಿದೆ.

ಎಲ್ಲ ತಿನ್ನುವಿಕೆಯೂ ಫೋನಿಗೆ ಬಗ್ಗುವಂಥದ್ದಲ್ಲ. ತಿನ್ನುತ್ತಾ ಹೋದರೆ ನಿಲ್ಲಿಸಲಾಗದವರು, ತಿಂದು ಬೇಕೆಂದೇ ವಾಂತಿ ಮಾಡುವವರು, ದಿನಗಟ್ಟಲೆ ಮನಸ್ಸು ಕುಗ್ಗಿ ಕೂತವರು ಇರುತ್ತಾರೆ. ಅವರಿಗೆ ಬೇಕಾದ್ದು ನೆರೆಹೊರೆಯ ಹರಟೆಯಲ್ಲ, ವೈದ್ಯರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಬರೆಯಲೇಬೇಕೆಂದು ಡಾಕ್ಟರಮ್ಮನ ಅಪ್ಪಣೆ, ಈ ಒಂದು ಔಷಧಿಯನ್ನು ಮಾತ್ರ ಅವರು ಡಾಕ್ಟರರನ್ನು ಕೇಳಿಯೇ ಬರೆದಿದ್ದಾರೆ.

ಉಳಿದವರು ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಗುಂಪು ಕಟ್ಟಿಕೊಳ್ಳಿ. ಮೂರು ನಾಲ್ಕು ಜನ ಸಾಕು, ಹೆಚ್ಚಾದರೆ ಸಂಘವಾಗಿ ವಾರ್ಷಿಕೋತ್ಸವ, ಅದಕ್ಕೊಂದು ಊಟ ಎಂದು ಶುರುವಾಗುತ್ತದೆ. ರಾತ್ರಿ ತಡವಾಗಿ ಮಲಗುವವರೊಬ್ಬರು ಇರಲಿ, ಗುಟ್ಟು ಇನ್ನೊಬ್ಬರ ಕಿವಿಗೆ ಹಾಕದವರೊಬ್ಬರು ಇರಲಿ. ಅಡುಗೆ ಸರಿಯಾಗಿ ಬಾರದವರೊಬ್ಬರನ್ನಂತೂ ಹುಡುಕಿ ಸೇರಿಸಿಕೊಳ್ಳಿ, ಸೇರುವುದಿದ್ದರೆ ಅವರ ಮನೆಯಲ್ಲೇ ಸೇರಿ.