ಬುರಗಿ–ಬರ್ಗಂಡಿ ಅಭೇದ ಮೀಮಾಂಸೆ

ಪ್ರತಿಜ್ಞೆ

ಫ್ರಾನ್ಸಿನ ಬರ್ಗಂಡಿಯೂ ನಮ್ಮ ಕಲಬುರಗಿಯೂ ತತ್ತ್ವತಃ ಒಂದೇ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಕೇಳಿದ ಕೂಡಲೇ ನಗುವವರು ನಗಲಿ. ಪೂರ್ವಪಕ್ಷದವರಿಗೆ ಶಾಸ್ತ್ರದಲ್ಲಿ ಅಷ್ಟು ಅವಕಾಶವಿದೆ.

ಸಂಶೋಧನೆಗೆ ಪ್ರೇರಣೆ ನನ್ನ ಷಡ್ಡಕ. ಬರ್ಗಂಡಿಯ ಬೋನ್ ಎಂಬ ಪುಟ್ಟ ಊರಿಗೆ ಹೋಗಿ ಬಂದವರು, ಮೊಬೈಲಿನ ಚಾರ್ಜು ಮುಗಿಯುವವರೆಗೆ ದ್ರಾಕ್ಷಿತೋಟ, ನೆಲಮಾಳಿಗೆ, ಪೀಪಾಯಿಗಳ ಫೋಟೊ ತೋರಿಸಿದರು. ಕೊನೆಗೆ ನಿಟ್ಟುಸಿರು ಬಿಟ್ಟು, "ಇಂಥಾ ಊರು ನಮ್ ಕಡಿ ಎಲ್ಲಿ ಅದಾವ ಹೇಳ್ರಿ?" ಎಂದರು. ನಮ್ಮಿಬ್ಬರ ಮಾವನ ಮನೆ ಇರುವುದು ಹುಮನಾಬಾದಿನಲ್ಲಿ. ಇಪ್ಪತ್ತು ವರ್ಷಗಳಿಂದ ಕಲಬುರಗಿಯಲ್ಲಿ ಬಸ್ ಹತ್ತಿ ಕಮಲಾಪುರದ ಮೇಲೆಯೇ ಹೋಗಿ ಬರುತ್ತಿದ್ದೇವೆ. ಆದರೂ ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದವನು ಪ್ರಬಂಧ ಬರೆಯುವುದು ಲೋಕರೂಢಿ.

ನೈಯಾಯಿಕರು ಪ್ರತ್ಯಕ್ಷ ಪ್ರಮಾಣವನ್ನು ಮೊದಲಿಗಿಡುತ್ತಾರೆ. ಅವರು ಕಲಬುರಗಿಯ ಬಿಸಿಲು ಕಂಡವರಲ್ಲ. ಇಲ್ಲಿ ಮನೆಯೊಳಗೆ ಫ್ಯಾನಿನ ಕೆಳಗೆ ಕೂತು ಸಾಧಿಸಬಹುದಾದ ಪ್ರಮಾಣಗಳನ್ನು ಮೊದಲು ಮುಗಿಸಿ, ಪ್ರತ್ಯಕ್ಷವನ್ನು ಕೊನೆಗಿಟ್ಟಿದ್ದೇನೆ.

ಶಬ್ದ ಪ್ರಮಾಣ

ಶಬ್ದವೆಂದರೆ ಆಪ್ತವಾಕ್ಯ ಎನ್ನುತ್ತದೆ ಶಾಸ್ತ್ರ. ಕೆಲಸ ಹಗುರಾಗಲೆಂದು ನಾನು ಸದ್ದು ಎಂದೇ ಹಿಡಿದಿದ್ದೇನೆ. ಕಲಬುರಗಿಯಿಂದ ಕಲ್ಲನ್ನು ತೆಗೆದರೆ ಉಳಿಯುವುದು ಬುರಗಿ. ಕನ್ನಡದಲ್ಲಿ ಗಂಡಿ ಎಂದರೆ ಸಂದು, ಬೆಟ್ಟದ ನಡುವಣ ದಾರಿ. ಬುರಗಿಯವರ ಗಂಡಿಯೇ ಸವೆದು ಬರ್ಗಂಡಿ ಆಯಿತು. ಫ್ರೆಂಚರು ತಮ್ಮ ಕಣಿವೆಗೆ ಅಚ್ಚಗನ್ನಡದ ಹೆಸರಿಟ್ಟುಕೊಂಡು ಇಷ್ಟು ಶತಮಾನ ಸುಮ್ಮನಿದ್ದಾರೆ.

ಫ್ರೆಂಚರು ಅದನ್ನು 'ಬೂರ್ಗೋನ್ಯ' ಎನ್ನುತ್ತಾರಲ್ಲ ಎಂಬ ಆಕ್ಷೇಪವಿದೆ. ಒಂದೇ ಊರನ್ನು ಎರಡು ಬಗೆಯಲ್ಲಿ ಕರೆಯುವುದು ನಮಗೇನೂ ಹೊಸದಲ್ಲ. ಪಾರಸಿ ಕಿವಿಗೆ ನಮ್ಮೂರು ಹೂವಿನ 'ಗುಲ್ಬರ್ಗಾ', ಕನ್ನಡದ ಕಿವಿಗೆ ಕಲ್ಲಿನ 'ಕಲಬುರಗಿ'. ಸರ್ಕಾರಿ ಕಾಗದದಲ್ಲಿ ಹೂ ಹೋಗಿ ಕಲ್ಲು ಬರಲು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಬಸ್ ನಿಲ್ದಾಣದಲ್ಲಿ ಕೂಗುವವರ ಬಾಯಲ್ಲಿ ಇನ್ನೂ ಎರಡೂ ಇವೆ.

ಉಪಮಾನ ಪ್ರಮಾಣ

ಬೋನ್ ಊರಿನ ಹೆಮ್ಮೆ ಅಲ್ಲಿನ ಓತೆಲ್–ದ್ಯೂ. 1443ರಲ್ಲಿ ಬಡವರಿಗಾಗಿ ಸ್ಥಾಪಿಸಿದ ಆಸ್ಪತ್ರೆ, ಬಣ್ಣಬಣ್ಣದ ಹೆಂಚಿನ ಮಾಡು. ಇತ್ತ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ಕಟ್ಟಿದ್ದು 1367ರಲ್ಲಿ. ಅಂದರೆ ನಾವು 76 ವರ್ಷ ಹಿರಿಯರು. ಸಾಮಾನ್ಯವಾಗಿ ಮಸೀದಿಗೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಪೂರಾ ಗುಮ್ಮಟಗಳ ಚಾವಣಿ. ಪಂಡಿತರು ಇದಕ್ಕೆ ಗಹನವಾದ ಕಾರಣಗಳನ್ನು ಹುಡುಕಿದ್ದಾರೆ. ಕಟ್ಟಿದಾತ ಇರಾನಿನ ಖಜ್ವೀನ್ ಕಡೆಯ ರಫಿ. ಅವನು ಇಲ್ಲಿ ಒಂದು ಏಪ್ರಿಲ್ ಕಳೆದಿರಬೇಕು ಎಂಬುದು ನನ್ನ ವಿನಮ್ರ ಊಹೆ.

ಈ ಮಸೀದಿಯನ್ನು ಸ್ಪೇನಿನ ಕೊರ್ಡೊಬಾದ ಮಸೀದಿಗೆ ಹೋಲಿಸುವ ಪರಂಪರೆಯೂ ಇದೆ. ಹೋಲಿಸಲು ನಮಗೆ ದೂರದ ಊರೇ ಬೇಕು. ಈ ಪ್ರಬಂಧವೂ ಅದೇ ರೋಗದ ಲಕ್ಷಣ.

ಇನ್ನು ದ್ರಾಕ್ಷಾರಸ. ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾನಿಗೆ ಕುಡಿತ ಮತ್ತು ಸಂಗೀತದ ಹೊರತು ಬೇರೆ ಚಟಗಳಿರಲಿಲ್ಲವೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಆದ್ದರಿಂದ ಈ ವಿಷಯದಲ್ಲೂ ನಾವು ಹಿಂದೆ ಬಿದ್ದವರಲ್ಲ.

ಅನುಮಾನ ಪ್ರಮಾಣ

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ. ಹಂಪಿಯ ಪಕ್ಕದ ಕಮಲಾಪುರ ಬೇರೆ. ಅಲ್ಲಿ ಕಲ್ಲು ನೋಡಲು ಜಗತ್ತೇ ಬರುತ್ತದೆ. ನಮ್ಮದರಲ್ಲಿ ನೋಡಬೇಕಾದದ್ದು ಹಣ್ಣು. ಹೆಸರು ಕಮಲದ್ದು, ಕೀರ್ತಿ ಬಾಳೆಯದು. ಇಲ್ಲಿನ ಕಣಿವೆಯ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಬರ್ಗಂಡಿಯ ಹೆಸರಿಗೆ ಫ್ರಾನ್ಸಿನ ಕಾನೂನು ಕಾವಲಿದ್ದ ಹಾಗೆ. ಫ್ರೆಂಚರು 'ಟೆರ್‌ವಾರ್' ಎಂದು ಕಣ್ಣು ಮುಚ್ಚಿ ಹೇಳುವುದನ್ನು ನಮ್ಮ ರೈತರು 'ಮಣ್ಣಿನ ಗುಣ' ಎಂದು ಕಣ್ಣು ಬಿಟ್ಟೇ ಹೇಳುತ್ತಾರೆ.

ಬಣ್ಣದ ವಿಚಾರಕ್ಕೆ ಬಂದರೆ, ಕೆಂಪು ದ್ರಾಕ್ಷಾರಸ ಶ್ರೇಷ್ಠವೋ ಬಿಳಿಯದೋ ಎಂದು ಯುರೋಪು ಜಗಳಾಡುತ್ತಲೇ ಇದೆ. ಕಮಲಾಪುರ ಅದನ್ನು ಒಂದೇ ಸಿಪ್ಪೆಯಲ್ಲಿ ಬಗೆಹರಿಸಿದೆ: ಹೊರಗೆ ಕೆಂಪು, ಒಳಗೆ ಕೆನೆಬಿಳಿ.

ಕಾಲದ ವಿಚಾರ ಇನ್ನೂ ಸೂಕ್ಷ್ಮ. ದ್ರಾಕ್ಷಿಯನ್ನು ಕಿತ್ತ ಮೇಲೆ ಕಾಯುತ್ತಾರೆ. ಕೆಂಪು ಬಾಳೆಗೆ ಕೀಳುವ ಮುಂಚೆಯೇ ಕಾಯಬೇಕು. ಬೇರೆ ಬಾಳೆ ಹನ್ನೆರಡು ತಿಂಗಳಿಗೆ ಕೈಗೆ ಬಂದರೆ ಇದಕ್ಕೆ ಹದಿನೆಂಟು ತಿಂಗಳು. ಗೊಬ್ಬರ ಹೆಚ್ಚು, ನೀರು ಹೆಚ್ಚು, ಆಳು ಹೆಚ್ಚು. ಹಾಗಾಗಿ ಬೆಲೆಯೂ ಹೆಚ್ಚಾಗಿ 'ಶ್ರೀಮಂತರ ಹಣ್ಣು' ಎಂಬ ಬಿರುದು ಬಂತು. ಬಿರುದು ತಿನ್ನುವವನಿಗೆ, ಸಾಲ ಬೆಳೆಯುವವನಿಗೆ ಎಂದು ಅನುಮಾನಿಸಲು ಹೊಗೆ–ಬೆಂಕಿಯ ದೃಷ್ಟಾಂತ ಬೇಕಿಲ್ಲ.

ಪ್ರತ್ಯಕ್ಷ ಪ್ರಮಾಣ

ಕೊನೆಗೆ ಒಂದು ಭಾನುವಾರ ಷಡ್ಡಕರನ್ನು ಕರೆದುಕೊಂಡು ಹೋಗಿ ಕಮಲಾಪುರದಲ್ಲಿ ಇಳಿದೆ. ಕಂಡಕ್ಟರ್ ನಮ್ಮ ಟಿಕೆಟನ್ನು ಎರಡು ಸಲ ನೋಡಿದ. ಹುಮನಾಬಾದಿಗಲ್ಲವೇ ಎಂದು ಕೇಳಿಯೂ ಬಿಟ್ಟ. ರಸ್ತೆ ಬದಿಯ ಬುಟ್ಟಿಯಿಂದ ಷಡ್ಡಕರು ಒಂದು ಹಣ್ಣು ಎತ್ತಿಕೊಂಡು, ಬೋನ್‌ನಲ್ಲಿ ಕಲಿತ ಕ್ರಮದಂತೆ ಬೆಳಕಿಗೆ ಹಿಡಿದರು, ತಿರುಗಿಸಿದರು, ಮೂಗಿಗೆ ತಂದು ಕಣ್ಣು ಮುಚ್ಚಿದರು.

ಬುಟ್ಟಿಯ ಅವ್ವ ಸ್ವಲ್ಪ ಹೊತ್ತು ನೋಡಿದಳು. "ಯಾಕ್ರಿ ಸಾಹೇಬ್ರ, ಖರಾಬ್ ಆಗ್ಯಾದೇನು? ಹಂಗ್ಯಾಕ ಮೂಸ್ಲಾಕತ್ತೀರಿ? ಸುಲಕೊಂಡು ತಿನ್ರಿ."

ತಿಂದೆವು. ಬೆಣ್ಣೆಯಂಥ ಹಣ್ಣು, ನಾರಿಲ್ಲ, ಸಿಹಿ ನಿಧಾನಕ್ಕೆ ಬಂತು. ಈ ವಾಕ್ಯಕ್ಕೆ ಅಡಿಟಿಪ್ಪಣಿ ಹಾಕಲು ನನಗೆ ಸಾಧ್ಯವಾಗಲಿಲ್ಲ. ರೇಟು ಕೇಳಿ ಷಡ್ಡಕರು ಹುಬ್ಬೇರಿಸಿದಾಗ ಅವ್ವ ಮತ್ತೆ ಹೇಳಿದಳು: "ಒಂದೂವರಿ ವರ್ಷ ಕಾಯ್ದೀವ್ರಿ. ನೀವು ಎರಡು ನಿಮಿಷದಾಗ ತಿಂದ್ರಿ." ಬೋನ್‌ನಲ್ಲಿ ಒಂದು ಗುಟುಕಿಗೆ ಕೇಳಿದಷ್ಟು ಕೊಟ್ಟು ಬಂದಿದ್ದ ಷಡ್ಡಕರು ಸುಮ್ಮನೆ ಜೇಬಿಗೆ ಕೈ ಹಾಕಿದರು.

ಸಿದ್ಧಾಂತ

ಬುರಗಿ–ಬರ್ಗಂಡಿ ಅಭೇದವನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಭೇದ ಒಂದೇ, ಆದರೆ ದೊಡ್ಡದು: ಬೋನ್‌ಗೆ ಹೋದವರು ಇಳಿಯುತ್ತಾರೆ, ಕಮಲಾಪುರದ ಮೇಲೆ ಹೋಗುವವರು ಕಿಟಕಿಯಿಂದ ನೋಡುತ್ತಾರೆ. ಇಪ್ಪತ್ತು ವರ್ಷ ನೋಡಿದ ನನಗೆ ಆ ಊರು ಗೊತ್ತಾಗಿರಲಿಲ್ಲ.

ಹುಮನಾಬಾದ್, ಬೀದರ್ ಕಡೆ ಹೋಗುವ ಓದುಗರಲ್ಲಿ ವಿನಂತಿ: ಕಮಲಾಪುರದಲ್ಲಿ ಇಳಿದು ಒಂದು ಡಜನ್ ಕೆಂಪು ಬಾಳೆ ಕೊಳ್ಳಿ. ಚೌಕಾಸಿ ಮಾಡುವ ಮುಂಚೆ ಹದಿನೆಂಟು ತಿಂಗಳು ಎಣಿಸಿ.