ಬೀಗದ ಕೈ ಯಾರ ಹತ್ತಿರ?

ಕಡಲಿಗೆ ತೈಲ ಸೋರಿದರೆ ತಡೆಯಲೆಂದು ತರಿಸಿದ ಬೂಮು ಎಂಬ ತೇಲುವ ಬೇಲಿ, ಎಣ್ಣೆ ಬಾಚುವ ಸ್ಕಿಮ್ಮರುಗಳನ್ನು ಎಲ್ಲಿಡಬೇಕು? ಬಹಳ ಸುಲಭದ ಪ್ರಶ್ನೆ. ಡಾಂಬರು ರಸ್ತೆ ಇರಬೇಕು, ಸಾಹೇಬರ ಕಾರು ತಿರುಗಿಸಲು ಜಾಗ ಬೇಕು, ಉದ್ಘಾಟನೆಯ ಕಲ್ಲು ಕೂರಿಸಲು ಗೋಡೆ ಬೇಕು, ಎಣಿಸಲು ಬರುವ ಆಡಿಟ್‌ನವರಿಗೆ ಫ್ಯಾನಿನಡಿ ಕುರ್ಚಿ ಬೇಕು. ಇಷ್ಟೂ ಇರುವುದು ಬಂದರಿನ ಗೋದಾಮಿನಲ್ಲಿ. ಎಣ್ಣೆಯೂ ಅಲ್ಲಿಗೇ ಬರತಕ್ಕದ್ದು.

ಬಂದರೂ ಫಲವಿಲ್ಲ ಎನ್ನಲು ತಮಿಳುನಾಡಿನ ಎಣ್ಣೂರು ಸಾಕ್ಷಿ. 2017ರ ಜನವರಿ 28ರಂದು ಕಾಮರಾಜರ್ ಬಂದರಿನ ಬಾಗಿಲಲ್ಲೇ ಎರಡು ಹಡಗುಗಳು ಡಿಕ್ಕಿ ಹೊಡೆದವು. ಎಣ್ಣೆಯಿಂದ ಪರಿಸರಕ್ಕೇನೂ ಹಾನಿಯಿಲ್ಲ ಎಂದು ಬಂದರಿನವರು ಮೊದಲು ಹೇಳಿಕೆ ಕೊಟ್ಟರು. ಎಣ್ಣೆಗೆ ಹೇಳಿಕೆ ಓದುವ ಅಭ್ಯಾಸವಿಲ್ಲ. ಅದು ಮರೀನಾದತ್ತ ಹೊರಟಿತು. ದಡದ ಕಲ್ಲುಗಳ ಸಂದಿಯಲ್ಲಿ ಕಟ್ಟಿದ ಕಪ್ಪು ರಾಡಿಯನ್ನು ಮೀನುಗಾರರೂ ವಿದ್ಯಾರ್ಥಿಗಳೂ ಬಕೆಟ್ಟಿನಲ್ಲಿ ತೋಡಿ ಕೈಯಿಂದ ಕೈಗೆ ದಾಟಿಸಿದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಮಣಲಿ ರಿಫೈನರಿಯ ತೈಲ ಅದೇ ಎಣ್ಣೂರಿನ ಹಿನ್ನೀರಿಗೆ ಹರಿದಾಗ ಬಕೆಟ್ಟಿನ ಜೊತೆ ಮಗ್ಗೂ ಕಂಡಿತು. ಸುಮಾರು ಏಳು ವರ್ಷದಲ್ಲಿ ತಂತ್ರಜ್ಞಾನ ಅಷ್ಟು ಮುಂದುವರಿದಿತ್ತು.

ನಮ್ಮನ್ನೇ ಬೈದುಕೊಳ್ಳುವುದೂ ಬೇಡ. 1989ರ ಮಾರ್ಚಿನಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಅಲಾಸ್ಕಾದಲ್ಲಿ ಬಂಡೆಗೆ ಬಡಿದಾಗ, ಬೂಮು ಹೊತ್ತು ಓಡಬೇಕಿದ್ದ ಬಾರ್ಜು ರಿಪೇರಿಗೆ ನಿಂತಿತ್ತು!

ಈಗ ನಮ್ಮ ಕರಾವಳಿ. ಕಾರವಾರದ ಬಳಿ ಓಷನ್ ಸೆರಾಯಾ ಬಂಡೆಗೆ ಸಿಕ್ಕಿದ್ದು 2006ರ ಮೇ ಕೊನೆಗೆ, ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಮುಳುಗಿದ್ದು 2022ರ ಜೂನಿನಲ್ಲಿ. ಹಡಗುಗಳಿಗೆ ಮಳೆಗಾಲವೇ ಪ್ರೀತಿ. ಆಗ ದೋಣಿ ಇಳಿಯುವುದಿಲ್ಲ, ಬೂಮು ತೆರೆಯ ಮೇಲೆ ಕುಣಿಯುತ್ತದೆ, ಸೆಳೆತ ಒಂದು ನಾಟ್ ದಾಟಿದರೆ ಎಣ್ಣೆ ಅದರಡಿಯೇ ನುಸುಳುತ್ತದೆ. ನಡುಗಡಲು ಕೈಬಿಟ್ಟರೂ ಅಳಿವೆಗಳನ್ನಾದರೂ ಉಳಿಸಲು ನೋಡಬೇಕು. ಅಘನಾಶಿನಿಯ ಬಳಚು, ಕಾಂಡ್ಲಾ ಕಾಡಿಗೆ ಎಣ್ಣೆ ಹತ್ತಿದರೆ ಯಾವ ಸ್ಕಿಮ್ಮರೂ ತೊಳೆಯಲಾರದು. ಅಲ್ಲಿ ಬೂಮನ್ನು ಹರಿವಿಗೆ ಓರೆಯಾಗಿ ಕಟ್ಟಬೇಕು, ಕಟ್ಟುವ ಗೂಟ ಮೊದಲೇ ಹೂತಿರಬೇಕು, ಸೆಳೆತದ ಗುಣ ಬಲ್ಲವನಿರಬೇಕು. ಬಲ್ಲವನು ಮೀನುಗಾರ. ನಮ್ಮ ಕಡತದಲ್ಲಿ ಅವನಿಗೆ ಜಾಗವಿರುವುದು ‘ಪರಿಹಾರ ಕೋರುವವರು’ ಎಂಬ ಕಾಲಮಿನಲ್ಲಿ.

ಎಣ್ಣೆಯನ್ನು ಅಳಿವೆಯೊಳಗೆ ತಳ್ಳುವ ಉಬ್ಬರ ಏರಲು ಸುಮಾರು ಆರು ಗಂಟೆ, ಬೂಮು ಅಷ್ಟರೊಳಗೆ ತಲುಪಬೇಕು. ಮಂಗಳೂರು ಬಂದರಿನಿಂದ ಅಘನಾಶಿನಿ ದಡದ ತದಡಿಗೆ 200 ಕಿಲೋಮೀಟರಿಗೂ ಹೆಚ್ಚು, ಮಳೆಗಾಲದ ಹೆದ್ದಾರಿ ಬೇರೆ. ಕಾರವಾರ ಹತ್ತಿರವೆನ್ನಿ, ಆದರೆ 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಆ ದಾರಿಯೇ ದಿನಗಟ್ಟಲೆ ಬಂದಾಗಿತ್ತು. ಆದ್ದರಿಂದ ಸ್ವಾಮಿ, ಬೂಮನ್ನು ತದಡಿಯ ಮೀನುಗಾರರ ಶೆಡ್ಡಿನಲ್ಲೇ ಇಡಿ, ಬೀಗದ ಕೈಯನ್ನೂ ಅವರಿಗೇ ಕೊಡಿ. ಉದ್ಘಾಟನೆಗೆ ಬೇಕಾದರೆ ಬೇಸಿಗೆಯಲ್ಲಿ ಬನ್ನಿ.